ಮಾಗಿ ಚಳಿಯಲ್ಲಿ ಮಾಳಿಗೆ ಮೇಲಿನ ಲೆಕ್ಕ

ಡಿಸೆಂಬರ್ 3, 2024, ಮಂಗಳವಾರ

ಬೆಳಗ್ಗೆಯಿಂದ ಸಂಜೆವರೆಗೆ ಮಾಳಿಗೆ ಮೇಲಿನ ಸೋಲಾರ್‌ನಿಂದ ಬಂದಿದ್ದು ಎರಡೂವರೆ ಯೂನಿಟ್. ಅಷ್ಟೇ. ಫೆಂಗಲ್ ಚಂಡಮಾರುತ ಶನಿವಾರ ಪುದುಚೇರಿ ಹತ್ತಿರ ದಡ ಮುಟ್ಟಿತು, ಆದರೆ ಅಲ್ಲೇ ಮುಗಿಯಲಿಲ್ಲ. ಅದರ ಮೋಡ ಈಗ ಮೈಸೂರಿನ ಮೇಲೆ ಬಂದು ಕೂತಿದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಮ್ಮದು 545 ವ್ಯಾಟ್‌ನ ಆರು ಪ್ಯಾನೆಲ್, ಒಟ್ಟು 3.27 ಕಿಲೋವ್ಯಾಟ್. ಮೇ ಕೊನೆಯಲ್ಲಿ ಹಾಕಿಸಿದ್ದು. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ರೂಪಾಯಿ ಬಂತು. ಜೊತೆಗೆ ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್ ಮತ್ತು 5.12 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಇದೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಪೂರ್ತಿ ಕೈಯಿಂದಲೇ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಅನ್ನೋದು ಎಲ್ಲರೂ ಹೇಳುವ ಲೆಕ್ಕ. ಹಾಗಾದರೆ ನಮಗೆ 13 ಬರಬೇಕು. ಜುಲೈ ಮಳೆಯಲ್ಲೂ ಒಂಬತ್ತು, ಹತ್ತು ಬರ್ತಿತ್ತು. ಎರಡೂವರೆ ಇದೇ ಮೊದಲು.

ನಿನ್ನೆ ರಾತ್ರಿ ಕರೆಂಟ್ ಹೋಯಿತು. ಆಗ ಫೋನಿನ ಇನ್ವರ್ಟರ್ ಆಪ್‌ನಲ್ಲಿ ಬ್ಯಾಟರಿ ಶೇ 34 ಅಂತ ಇತ್ತು. ಫ್ಯಾನ್ ಯಾರಿಗೂ ಬೇಡ, ಈ ಚಳಿಯಲ್ಲಿ. ನಾಲ್ಕು ಲೈಟು, ಫ್ರಿಜ್ಜು, ವೈಫೈ, ಇಷ್ಟೇ ಓಡ್ತಿದ್ದಿದ್ದು. ಸ್ವಲ್ಪ ಹೊತ್ತಿಗೇ 34 ಇದ್ದದ್ದು ನೇರ 15ಕ್ಕೆ ಬಿತ್ತು. ಬ್ಯಾಟರಿ ಹೋಯ್ತಾ ಅಂತ ಮನೆಯವರಿಗೆಲ್ಲ ಗಾಬರಿ. ಹೋಗಿಲ್ಲ. ಈ ಬ್ಯಾಟರಿ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಒಳಗೆ 3.2 ವೋಲ್ಟ್‌ನ 16 ಸೆಲ್ ಇರುತ್ತವೆ. ಚಾರ್ಜ್ ಶೇ 80 ಇರಲಿ, 30 ಇರಲಿ, ಇದರ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ. ಹಾಗಾಗಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್, ಏನು ಮಾಡುತ್ತದೆ ಅಂದರೆ, ಒಳಗೆ ಹೋದ ಕರೆಂಟನ್ನೂ ಹೊರಗೆ ಬಂದ ಕರೆಂಟನ್ನೂ ಕೂಡಿ ಕಳೆದು ಒಂದು ಅಂದಾಜು ಕೊಡುತ್ತದೆ, ಆ ಅಂದಾಜಿನಲ್ಲಿ ದಿನಾ ಒಂಚೂರು ತಪ್ಪು ಸೇರಿಕೊಳ್ಳುತ್ತಾ ಹೋಗುತ್ತದೆ, ಬ್ಯಾಟರಿ ಪೂರ್ತಿ ತುಂಬಿದ ದಿನ ಮಾತ್ರ ಲೆಕ್ಕ ಚುಕ್ತಾ ಆಗಿ ಮತ್ತೆ 100ರಿಂದ ಶುರುವಾಗುತ್ತದೆ. ಮೋಡ ಕವಿದಾಗಿನಿಂದ ನಮ್ಮದು ತುಂಬೇ ಇಲ್ಲ. ಅದಕ್ಕೆ ಆ 34 ಸುಳ್ಳು.

ಇವತ್ತು ರಾತ್ರಿ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕರೆಂಟಿನಿಂದಲೇ ಶೇ 100 ತುಂಬಿಸೋಕೆ ಹಾಕಿದ್ದೇನೆ. ಸೋಲಾರ್ ಮನೆಯಲ್ಲಿ ಲೈನ್ ಕರೆಂಟಿನಿಂದ ಚಾರ್ಜಿಂಗ್! ನಗಬೇಡಿ. ವಾರಕ್ಕೊಮ್ಮೆ ತುಂಬಿಸಿದರೆ ಸೆಲ್‌ಗಳೂ ಸಮವಾಗುತ್ತವೆ, ಆಪ್ ತೋರಿಸುವ ನಂಬರನ್ನೂ ನಂಬಬಹುದು.

ಡಿಸೆಂಬರ್ 22, ಭಾನುವಾರ

ನಿನ್ನೆ ವರ್ಷದ ಅತಿ ಚಿಕ್ಕ ಹಗಲು. ಚಿಕ್ಕದು ಅಂದರೆ ನಮ್ಮ ಕಡೆ ಹನ್ನೊಂದು ಗಂಟೆಗಿಂತ ಜಾಸ್ತಿಯೇ ಇರುತ್ತದೆ. ಲಂಡನ್ನಿನಲ್ಲಿ ಎಂಟು ಗಂಟೆಗೂ ಕಮ್ಮಿ. ಯೂಟ್ಯೂಬಿನಲ್ಲಿ ಅಲ್ಲಿಯವರು ಡಿಸೆಂಬರ್ ಬಂತೆಂದು ಸೋಲಾರ್ ಬಗ್ಗೆ ಅಳುವುದನ್ನು ನೋಡಿ ನಮ್ಮವರೂ ಚಳಿಗಾಲಕ್ಕೆ ಹೆದರುತ್ತಾರೆ. ನಮ್ಮ ಬರಗಾಲ ಇರೋದು ಜುಲೈ, ಆಗಸ್ಟ್‌ನಲ್ಲಿ. ಮೋಡ ಹರಿದ ಮೇಲೆ ಇಲ್ಲಿ ಮತ್ತೆ 13 ಯೂನಿಟ್ ಬರ್ತಿದೆ.

ಆದರೆ ಆಪ್ ತೋರಿಸುವ ದಿನದ ಗ್ರಾಫ್‌ನಲ್ಲಿ ಒಂದು ಗುಂಡಿ ಇದೆ. ಬೆಳಗ್ಗೆ ಎಂಟೂವರೆಗೆ ಏರುತ್ತಿದ್ದ ಗೆರೆ ತಟ್ಟಂತ ಕುಸಿದು, ಹತ್ತರ ಹೊತ್ತಿಗೆ ಮತ್ತೆ ಮೇಲೆ ಬರುತ್ತದೆ. ದಿನಾ ಅದೇ ಹೊತ್ತಿಗೆ. ಮೋಡ ಟೈಮ್ ನೋಡಿಕೊಂಡು ಬರಲ್ಲ ಅಲ್ವಾ? ಇವತ್ತು ರಜೆ, ಕಾಫಿ ಲೋಟ ಹಿಡಿದು ಮಾಳಿಗೆ ಹತ್ತಿ ಕೂತೆ. ಆಗ್ನೇಯ ದಿಕ್ಕಿನ ಪಕ್ಕದ ಮನೆಯವರ ನೀರಿನ ಟ್ಯಾಂಕ್ ನೆರಳು ನಮ್ಮ ಎರಡು ಪ್ಯಾನೆಲ್ ಮೇಲೆ ಓರೆಯಾಗಿ ಬಿದ್ದು ಮೆಲ್ಲಗೆ ಜರುಗುತ್ತಿತ್ತು.

ಮೇ ತಿಂಗಳಲ್ಲಿ ಅಳತೆಗೆ ಬಂದವರು ಸುತ್ತ ಒಮ್ಮೆ ಕಣ್ಣಾಡಿಸಿ "ನೆರಳೇ ಇಲ್ಲ ಸಾರ್" ಅಂದಿದ್ದರು. ಆಗ ಇರಲಿಲ್ಲ, ನಿಜ. ಏಪ್ರಿಲ್ ಕೊನೆ ವಾರದ ಹೊತ್ತಿಗೆ ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೆ ಬಂದು, ಆಮೇಲೆ ಆಗಸ್ಟ್‌ವರೆಗೆ ಉತ್ತರಕ್ಕೇ ಇರುತ್ತಾನೆ. ಆ ಕಾಲದಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಪೂರ್ತಿ ತಿರುಗುಮುರುಗು. ನಡು ಮಧ್ಯಾಹ್ನವೂ ಸೂರ್ಯ 54 ಡಿಗ್ರಿಗಿಂತ ಮೇಲೆ ಏರಲ್ಲ, ಬೆಳಗ್ಗೆ ಒಂಬತ್ತಕ್ಕೆ 30 ಡಿಗ್ರಿ ಆಸುಪಾಸು, ಅಂದರೆ ಒಂದು ಅಡಿ ಎತ್ತರದ ವಸ್ತುವಿಗೆ ಸುಮಾರು ಒಂದೂಮುಕ್ಕಾಲು ಅಡಿ ನೆರಳು. ಸೋಲಾರ್ ಹಾಕುವುದೇ ಕಸುಬಾಗಿರುವವರು ಇದನ್ನು ಹೇಳಬೇಕಿತ್ತು. ಫೋನಿನಲ್ಲಿ ಸೂರ್ಯನ ದಾರಿ ತೋರಿಸುವ ಆಪ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ನೀವು ಬೇಸಿಗೆಯಲ್ಲಿ ಹಾಕಿಸುತ್ತಿದ್ದರೆ ಅಂಥದ್ದರಲ್ಲಿ ಡಿಸೆಂಬರ್ 21 ಅಂತ ಹಾಕಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಒಂದರ ಕರೆಂಟ್ ಇನ್ನೊಂದರ ಮೂಲಕವೇ ಹಾಯುವಂತೆ ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದಕ್ಕೆ ನೆರಳು ಬಿದ್ದರೆ ಎಲ್ಲವೂ ಕುಂಟಬೇಕು. ಹಾಗಾಗದಿರಲಿ ಅಂತಲೇ ಪ್ರತಿ ಪ್ಯಾನೆಲ್ ಹಿಂದೆ ಬೈಪಾಸ್ ಡಯೋಡ್ ಇರುತ್ತವೆ, ಸಾಮಾನ್ಯವಾಗಿ ಮೂರು. ನೆರಳಿನ ಭಾಗವನ್ನು ಬಿಟ್ಟು ಕರೆಂಟ್ ಮುಂದೆ ಹೋಗುತ್ತದೆ. ಹಾಗಾಗಿ ನಷ್ಟ ದಿನಕ್ಕೆ ಅರ್ಧ, ಮುಕ್ಕಾಲು ಯೂನಿಟ್ ಅಷ್ಟೇ.

ಜನವರಿ 5, 2025, ಭಾನುವಾರ

ಮಧ್ಯಾಹ್ನ ಹನ್ನೆರಡೂವರೆಗೆ 2.6 ಕಿಲೋವ್ಯಾಟ್ ತೋರಿಸಿತು. ಸೂರ್ಯ ಇಷ್ಟು ತಗ್ಗಿನಲ್ಲಿದ್ದೂ ಇಷ್ಟು ಹೇಗೆ?

ಒಂದು ಕಾರಣ ಚಳಿ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಮೇಲೆ ಬರೆದಿರುವ 545 ವ್ಯಾಟ್ ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಅದರ ಮೇಲೆ ಪ್ರತಿ ಡಿಗ್ರಿಗೆ ನಮ್ಮ ಪ್ಯಾನೆಲ್ ಶೇ 0.35ರಷ್ಟು ಕಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜಿನ ಕೆಳಗೆ 65 ಡಿಗ್ರಿ ಮುಟ್ಟಿದರೆ ಅಲ್ಲಿಗೇ ಶೇ 14 ಹೋಯಿತು. ಈಗ ತಣ್ಣನೆ ಗಾಳಿ ಬೀಸುತ್ತಿದೆ, ಅಷ್ಟು ಕಾಯಲ್ಲ. ಇನ್ನೊಂದು ಕಾರಣ ನನಗೆ ಬಹಳ ಇಷ್ಟ. ನಿನ್ನೆ, ಜನವರಿ 4ಕ್ಕೆ, ಭೂಮಿ ವರ್ಷದಲ್ಲೇ ಸೂರ್ಯನಿಗೆ ಅತಿ ಹತ್ತಿರ ಇತ್ತು. ಭೂಮಿಗೆ ಬೀಳುವ ಬಿಸಿಲು ಜುಲೈಗಿಂತ ಸುಮಾರು ಶೇ 7 ಜಾಸ್ತಿ. ನಾವು ಶಾಲು ಹೊದ್ದು ಕೂತಿರುವ ಕಾಲದಲ್ಲೇ ಸೂರ್ಯ ಹತ್ತಿರ ಇರುವುದು!

ಬ್ಯಾಟರಿಗೂ ಚಳಿ ತೊಂದರೆ ಮಾಡ್ತಾ ಅಂತ ಕೇಳಿದ್ದಿರಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬಾರದು. ಮೈಸೂರಿನಲ್ಲಿ ಆ ಯೋಚನೆಯೇ ಬೇಡ. ಬೇಸಿಗೆಯಲ್ಲಿ ಕಾಯುವ ಶೀಟ್ ಕೆಳಗೆ ಬ್ಯಾಟರಿ ಇಟ್ಟಿದ್ದರೆ ಅದರ ಬಗ್ಗೆ ಯೋಚಿಸಿ.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಿದ್ದಾಯಿತು. ಸಂಕ್ರಾಂತಿಯಿಂದ ಹಗಲು ಬೆಳೆಯುತ್ತೆ ಅಂತ ಅಮ್ಮ. ಸೂರ್ಯ ಡಿಸೆಂಬರಿನಲ್ಲೇ ತಿರುಗಿದ್ದಾನೆ ಅಂತ ನಾನು. ಗ್ರಾಫ್ ಇಬ್ಬರ ಮಾತನ್ನೂ ಕೇಳಲ್ಲ. ಸಂಜೆಯ ತುದಿ ನವೆಂಬರ್ ಕೊನೆಯಿಂದಲೇ ಮುಂದಕ್ಕೆ ಹೋಗುತ್ತಿದೆ, ಬೆಳಗಿನ ತುದಿ ಇನ್ನೂ ತಡವಾಗುತ್ತಲೇ ಇದೆ. ನಮ್ಮ ಕಡೆ ಅತಿ ತಡದ ಸೂರ್ಯೋದಯ ಬರುವುದು ಜನವರಿ ಕೊನೆಗೆ ಹತ್ತಿರ. ಅಲ್ಲಿವರೆಗೆ ಬೆಳಗ್ಗೆ ಏಳಕ್ಕೆ ಮಾಳಿಗೆಯಿಂದ ಏನೂ ನಿರೀಕ್ಷೆ ಬೇಡ.

ಈ ಮನೆಯಲ್ಲಿ ಐದೂವರೆಗೇ ಗೀಸರ್ ಹಾಕುತ್ತಾರೆ. ಎರಡು ಕಿಲೋವ್ಯಾಟ್, ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ರಾತ್ರಿಯಿಡೀ ಉಳಿಸಿದ ಬ್ಯಾಟರಿ ಸೂರ್ಯ ಹುಟ್ಟುವ ಮೊದಲೇ ಬಚ್ಚಲಿಗೆ ಹೋಗುತ್ತದೆ. ಗೀಸರನ್ನು ಬ್ಯಾಟರಿ ಲೈನಿನಿಂದ ತೆಗೆಸಿದೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ಫೆಬ್ರವರಿ 9, ಭಾನುವಾರ

ಬಿಸಿಲು ಏರಿದೆ, ಯೂನಿಟ್ ಏರಿಲ್ಲ. ಕಾರಣ ಧೂಳು. ಡಿಸೆಂಬರಿನ ಮಳೆ ನಿಂತ ಮೇಲೆ ಹೇಳಿಕೊಳ್ಳುವಂಥ ಹನಿ ಬಿದ್ದಿಲ್ಲ, ಎದುರಿಗೆ ಮನೆ ಕಟ್ಟುತ್ತಿದ್ದಾರೆ ಬೇರೆ. ಬೆಳಗ್ಗೆ ಆರೂವರೆಗೇ ಹತ್ತಿ ತೊಳೆದೆ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ ನೀರು ಬಳಸಬೇಡಿ, ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಇನ್ನೂ ಕೆಟ್ಟದ್ದು. ಕಾವೇರಿ ನೀರು, ಮೆತ್ತನೆ ಬಟ್ಟೆ, ಸೋಪು ಬೇಡ. ಸಂಜೆ ಹೊತ್ತಿಗೆ 15 ದಾಟಿತ್ತು.

ಫೆಬ್ರವರಿ 26, ಶಿವರಾತ್ರಿ

ಚಳಿ ಶಿವ ಶಿವ ಅಂತ ಹೊರಟಿತು. ಈಗ ಬ್ಯಾಟರಿ ಬಗ್ಗೆ ನೇರ ಮಾತು.

ನಮ್ಮದು ನೆಟ್ ಮೀಟರಿಂಗ್. ಹಗಲು ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ತಗೊಂಡ ಯೂನಿಟ್‌ನಲ್ಲಿ ಕಳೆಯುತ್ತಾರೆ, ಒಂದಕ್ಕೆ ಒಂದು. ಅದೇ ಯೂನಿಟ್ಟನ್ನು ಬ್ಯಾಟರಿಗೆ ತುಂಬಿ ರಾತ್ರಿ ತೆಗೆದರೆ ನಮ್ಮ ಮನೆಯಲ್ಲಿ ಐದು ಹಾಕಿದ್ದಕ್ಕೆ ನಾಲ್ಕೂಕಾಲು ಬರುತ್ತಿದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಇನ್ವರ್ಟರ್ ಸುಮ್ನೆ ಆನ್ ಇರುವುದಕ್ಕೇ 50 ವ್ಯಾಟ್ ತಿನ್ನುತ್ತದೆ, ದಿನಕ್ಕೆ 1.2 ಯೂನಿಟ್. ಆಪ್‌ನಲ್ಲಿ "ಇವತ್ತು ನೀವು ಶೇ 92 ಸ್ವಾವಲಂಬಿ" ಅಂತ ಹಸಿರು ಚಕ್ರ ತಿರುಗುವುದನ್ನು ನೋಡಿ ಖುಷಿಪಡುತ್ತಾ ದಿನಾ ಮುಕ್ಕಾಲು ಯೂನಿಟ್ ಚೆಲ್ಲುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಈ ತಿಂಗಳಿಂದ ಬ್ಯಾಟರಿಯನ್ನು ಬ್ಯಾಕಪ್ ಮೋಡ್‌ಗೆ ಹಾಕಿದ್ದೇನೆ. ಶೇ 85ರಲ್ಲಿ ಇರುತ್ತದೆ, ಭಾನುವಾರ 100 ತುಂಬಿಸುತ್ತೇನೆ, ಕರೆಂಟ್ ಹೋದಾಗ ಮಾತ್ರ ಕೆಲಸ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್ ಆದರೆ ಲೈನ್ ಹೋದ ತಕ್ಷಣ ತಾನೂ ನಿಂತುಬಿಡುತ್ತದೆ, ಎಷ್ಟೇ ಬಿಸಿಲಿದ್ದರೂ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ. ಬ್ಯಾಟರಿ ತಗೊಂಡಿದ್ದು ಆ ಒಂದು ಕಾರಣಕ್ಕೆ, ಬಿಲ್ ಉಳಿಸೋಕೆ ಅಲ್ಲ.

ಭಾವ ಬಂದಿದ್ದರು, ನಾನೂ ಹಾಕಿಸಲಾ ಅಂದರು. ಅವರ ಮನೆ ಖರ್ಚು ತಿಂಗಳಿಗೆ 120 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಬೇಡ ಅಂದೆ. ಸ್ವಲ್ಪ ಬೇಜಾರು ಮಾಡಿಕೊಂಡರು, ಆಪ್ ಅವರಿಗೆ ಬಹಳ ಹಿಡಿಸಿತ್ತು.

ಟ್ಯಾಂಕ್ ನೆರಳಿಗೆ ಎರಡು ಪ್ಯಾನೆಲ್ ಪಶ್ಚಿಮಕ್ಕೆ ಸರಿಸಿಕೊಡಲು ಸೋಲಾರ್‌ನವರು 4,000 ರೂಪಾಯಿ ಕೇಳಿದ್ದಾರೆ. ನೆರಳು ಬೀಳುವುದು ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ. ಎಲ್ಲ ಸೇರಿಸಿದರೂ ವರ್ಷಕ್ಕೆ 50 ಯೂನಿಟ್ ದಾಟಲ್ಲ, ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 300 ರೂಪಾಯಿ. ಸರಿಸುವುದಿಲ್ಲ ಅಂತ ಫೋನ್ ಮಾಡಿ ಹೇಳಿದ್ದಾಯಿತು.