ಕೈ ನಡುಗದಂತೆ ಪಿಸ್ತೂಲು ಹಿಡಿಯುವುದು ಹೇಗೆ?

ಪಿಸ್ತೂಲು ಶೂಟಿಂಗ್ ಅಭ್ಯಾಸ ಮಾಡುತ್ತೇನೆಂದು ತಿಳಿದ ಕೂಡಲೇ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಕೈ ನಡುಗದ ಹಾಗೆ ಹಿಡಿಯುವುದು ಹೇಗೆ?’ ಹೊಸದಾಗಿ ಶೂಟಿಂಗ್ ರೇಂಜಿಗೆ ಸೇರಿದವರು ಕೂಡ ಕೆಲವೇ ದಿನಗಳಲ್ಲಿ ಇದನ್ನೇ ಸ್ವಲ್ಪ ಬೇಸರದ ದನಿಯಲ್ಲಿ ಕೇಳತೊಡಗುತ್ತಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ನಡುಗುವುದು ನಿಲ್ಲುವುದಿಲ್ಲ. ಒಲಿಂಪಿಕ್ಸ್ ಫೈನಲ್‌ನಲ್ಲಿ ನಿಂತವರ ಕೈಯೂ ಅಲುಗುತ್ತಲೇ ಇರುತ್ತದೆ. ಅಲುಗಾಟದ ವ್ಯಾಪ್ತಿ ನಮ್ಮದಕ್ಕಿಂತ ಚಿಕ್ಕದು, ಅಷ್ಟೆ. ಕಲಿಯಬೇಕಾದದ್ದು ಕೈಯನ್ನು ನಿಲ್ಲಿಸುವುದನ್ನಲ್ಲ, ಅಲುಗುತ್ತಿರುವ ಕೈಯಿಂದಲೇ ಸೈಟ್ (ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಗುರುತು) ಕೆಡದಂತೆ ಟ್ರಿಗರ್ ಒತ್ತುವುದನ್ನು. ಇದನ್ನು ಒಪ್ಪಿಕೊಳ್ಳುವವರೆಗೆ ಆರಂಭಿಕರ ಅಭ್ಯಾಸವೆಲ್ಲ ತಪ್ಪು ಕಡೆಗೇ ಹರಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಆರಂಭಿಸುವುದು 10 ಮೀಟರ್ ಏರ್ ಪಿಸ್ತೂಲಿನಿಂದ. 1988ರ ಸೋಲ್ ಕ್ರೀಡಾಕೂಟದಲ್ಲಿ ಒಲಿಂಪಿಕ್ಸ್ ಪ್ರವೇಶಿಸಿದ ಈ ಸ್ಪರ್ಧೆಯಲ್ಲಿ ಗಾಳಿಯ ಒತ್ತಡದಿಂದ ಹಾರುವ 4.5 ಮಿ.ಮೀ. ಪೆಲೆಟ್ (ಸಣ್ಣ ಗುಂಡು) ಬಳಸುತ್ತಾರೆ. ಗುರಿಫಲಕದ ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ.; ಅದರ ನಡುವೆ ಇರುವ, ಹತ್ತು ಅಂಕ ಕೊಡುವ ವೃತ್ತದ ವ್ಯಾಸ ಕೇವಲ 11.5 ಮಿ.ಮೀ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ತೋಳಿಗೆ ಯಾವ ಆಸರೆಯೂ ಇರಬಾರದು, ಮಣಿಕಟ್ಟು ಮುಕ್ತವಾಗಿರುವುದು ಕಣ್ಣಿಗೆ ಕಾಣುವಂತಿರಬೇಕು. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರುವಂತಿಲ್ಲ. ಅಷ್ಟು ತೂಕವನ್ನು ಚಾಚಿದ ಒಂಟಿ ತೋಳಿನ ತುದಿಯಲ್ಲಿ ಹಿಡಿದು ನಿಂತರೆ ಕೈ ಅಲುಗದಿರಲು ಹೇಗೆ ಸಾಧ್ಯ? ಉಸಿರಾಟ ಭುಜವನ್ನು ಎತ್ತಿ ಇಳಿಸುತ್ತದೆ, ಸ್ನಾಯುಗಳಲ್ಲಿ ಸದಾ ಇರುವ ಸಣ್ಣ ಕಂಪನ ಬೆರಳ ತುದಿಯವರೆಗೂ ಬರುತ್ತದೆ, ಹೃದಯದ ಒಂದೊಂದು ಬಡಿತವೂ ಪಿಸ್ತೂಲಿನ ತುದಿಯಲ್ಲಿ ಕಾಣಿಸುತ್ತದೆ. ಹೃದಯದ ಬಡಿತವನ್ನೂ ನಡುಕವನ್ನೂ ತಗ್ಗಿಸುವ ಬೀಟಾ ಬ್ಲಾಕರ್ ಔಷಧಿಗಳನ್ನು ಶೂಟಿಂಗ್‌ನಲ್ಲಿ, ಸ್ಪರ್ಧೆ ಇಲ್ಲದ ದಿನಗಳೂ ಸೇರಿದಂತೆ, ನಿಷೇಧಿಸಿರುವುದು ಇದೇ ಕಾರಣಕ್ಕೆ. ಅಂದರೆ ನಡುಕವನ್ನು ನಿಭಾಯಿಸುವುದೇ ಈ ಆಟದ ಒಂದು ಭಾಗವೆಂದು ನಿಯಮವೇ ಒಪ್ಪಿಕೊಂಡಿದೆ.

ನಡುಕಕ್ಕೆ ಅಷ್ಟು ಹೆದರಬೇಕಿಲ್ಲ ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ, ಹೊಸಬರಿಗೆ ನಾನು ಎಲ್ಲಕ್ಕಿಂತ ಮೊದಲು ತೋರಿಸುವುದು ಇದನ್ನೇ. ಪಿಸ್ತೂಲಿನ ಮೇಲೆ ಎರಡು ಸೈಟ್‌ಗಳಿವೆ: ಕಣ್ಣಿಗೆ ಹತ್ತಿರದಲ್ಲಿ ನಡುವೆ ಕಚ್ಚು ಇರುವ ರಿಯರ್ ಸೈಟ್, ನಳಿಗೆಯ ತುದಿಯಲ್ಲಿ ಚೌಕಾಕಾರದ ಫ್ರಂಟ್ ಸೈಟ್. ಎರಡರ ನಡುವಿನ ಅಂತರ ಸುಮಾರು 350 ಮಿ.ಮೀ. ಎಂದಿಟ್ಟುಕೊಳ್ಳಿ. ಈಗ ಎರಡೂ ಸೈಟ್‌ಗಳು ಸರಿಯಾಗಿ ಕೂಡಿಕೊಂಡಿದ್ದು, ಇಡೀ ಕೈ ಹಾಗೆಯೇ 5 ಮಿ.ಮೀ. ಪಕ್ಕಕ್ಕೆ ಸರಿಯಿತು ಎನ್ನೋಣ. ಪೆಲೆಟ್ ಕೂಡ ಗುರಿಫಲಕದಲ್ಲಿ 5 ಮಿ.ಮೀ. ಮಾತ್ರ ಸರಿಯುತ್ತದೆ. ರಂಧ್ರದ ಅಂಚು ವೃತ್ತದ ಗೆರೆಗೆ ತಾಗಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ, ನಡುವಿನಿಂದ 8 ಮಿ.ಮೀ. ದೂರದವರೆಗೆ ಬಿದ್ದ ಹೊಡೆತವೂ ಹತ್ತೇ. ಆದರೆ ಕೈ ಕದಲದೆ ಮಣಿಕಟ್ಟು ಮಾತ್ರ ತುಸು ತಿರುಗಿ, ಫ್ರಂಟ್ ಸೈಟ್ ತನ್ನ ಜಾಗದಿಂದ 1 ಮಿ.ಮೀ. ಜಾರಿತು ಎನ್ನಿ. ಹತ್ತು ಮೀಟರ್ ದೂರಕ್ಕೆ ತಲಪುವಷ್ಟರಲ್ಲಿ ಆ ಒಂದು ಮಿಲಿಮೀಟರ್ ಬೆಳೆದು 28 ಮಿ.ಮೀ. ದಾಟಿರುತ್ತದೆ, ಸಿಗುವುದು ಏಳು ಅಂಕ. ಕಣ್ಣಿಗೆ ಭಯಂಕರವಾಗಿ ಕಾಣುವ ಕೈಯ ತೇಲಾಟ ಹತ್ತನ್ನು ಒಂಬತ್ತು ಮಾಡಬಹುದು, ಆದರೆ ಗಮನಕ್ಕೇ ಬಾರದ ಮಣಿಕಟ್ಟಿನ ತಿರುವು ಹತ್ತನ್ನು ಏಳು ಮಾಡುತ್ತದೆ.

ಆದ್ದರಿಂದ ಕಣ್ಣಿನ ಗಮನ ಎಲ್ಲಿರಬೇಕು ಎಂಬುದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ಕಣ್ಣು ಒಂದು ಸಲಕ್ಕೆ ಒಂದೇ ದೂರದ ವಸ್ತುವನ್ನು ಸ್ಪಷ್ಟವಾಗಿ ನೋಡಬಲ್ಲದು, ಮತ್ತು ಆ ವಸ್ತು ಫ್ರಂಟ್ ಸೈಟ್ ಆಗಿರಬೇಕು. ಅದರ ಮೇಲಂಚು ಚೂಪಾಗಿ ಕಾಣಬೇಕು, ಎಡಬಲಗಳಲ್ಲಿ ಒಂದೇ ಅಗಲದ ಬೆಳಕಿನ ಪಟ್ಟಿಗಳಿರಬೇಕು, ಹಿಂದಿರುವ ಕಪ್ಪು ವೃತ್ತ ಮಸುಕಾಗಿಯೇ ಇರಬೇಕು. ಕಪ್ಪು ವೃತ್ತದ ನಡುವಿಗೆ ಗುರಿಯಿಡುವ ಬದಲು ಅದರ ಕೆಳಗಿನ ಬಿಳಿ ಭಾಗದಲ್ಲಿ ಸೈಟ್ ನಿಲ್ಲಿಸುವುದು ರೂಢಿ, ಏಕೆಂದರೆ ಕಪ್ಪಿನ ಮೇಲೆ ಕಪ್ಪು ಸೈಟ್ ಕಾಣಿಸುವುದಿಲ್ಲ. ಗುರಿಯನ್ನು ಮಸುಕಾಗಿ ನೋಡಿ ಎಂದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಹೊಡೆಯಬೇಕಾದದ್ದನ್ನೇ ನೋಡಬಾರದೆಂದರೆ ಹೇಗೆ ಎಂದು ವಾದಿಸುತ್ತಾರೆ. ಅವರಿಗಾಗಿ ಫಲಕವನ್ನು ಹಿಂದುಮುಂದು ತಿರುಗಿಸಿ, ಖಾಲಿ ಬಿಳಿ ಹಾಳೆಗೆ ಹತ್ತು ಪೆಲೆಟ್ ಹೊಡೆಸಬೇಕು. ನೋಡಲು ಕಪ್ಪು ವೃತ್ತವೇ ಇಲ್ಲದಾಗ ಕಣ್ಣು ವಿಧಿಯಿಲ್ಲದೆ ಸೈಟ್ ಮೇಲೆ ನಿಲ್ಲುತ್ತದೆ. ಹತ್ತು ರಂಧ್ರಗಳ ಗುಂಪು ಎಂದಿಗಿಂತ ಚಿಕ್ಕದಾಗಿ ಬಿದ್ದಿರುವುದನ್ನು ಕಂಡ ಮೇಲೆ ಹೆಚ್ಚಿನವರ ವಾದ ಅಲ್ಲಿಗೆ ನಿಲ್ಲುತ್ತದೆ.

ಇನ್ನು ಟ್ರಿಗರ್. ಏರ್ ಪಿಸ್ತೂಲಿನಲ್ಲಿ ಅದರ ಭಾರ ಕನಿಷ್ಠ 500 ಗ್ರಾಂ ಇರಬೇಕು. ಸ್ಪರ್ಧೆಯ ಪರೀಕ್ಷೆಯಲ್ಲಿ ನಳಿಗೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ ತೂಗಿಸಿದ 500 ಗ್ರಾಂ ಬಟ್ಟನ್ನು ಎತ್ತಿದಾಗ ಅದು ಬಿಡದೆ ತಡೆಯಬೇಕು. ಒತ್ತುವುದು ಎರಡು ಹಂತಗಳಲ್ಲಿ. ಮೊದಲ ಹಂತ ಸಲೀಸಾಗಿ ಹಿಂದೆ ಸರಿದು ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಮುಂದೆ ಬೆರಳಿನ ಒತ್ತಡ ನಿಧಾನವಾಗಿ, ಎಲ್ಲಿಯೂ ನಿಲ್ಲದೆ ಏರಬೇಕು. ಬಹುಪಾಲು ಆರಂಭಿಕರು ಸೋಲುವುದು ಇಲ್ಲಿಯೇ. ಸೈಟ್ ತೇಲುತ್ತ ತೇಲುತ್ತ ನಡುವಿಗೆ ಬಂದ ಕ್ಷಣದಲ್ಲಿ ಮನಸ್ಸು ‘ಈಗ!’ ಎನ್ನುತ್ತದೆ, ಬೆರಳು ಗಬಕ್ಕನೆ ಎಳೆಯುತ್ತದೆ, ಬೆರಳಿನ ಜೊತೆಗೆ ಇಡೀ ಮುಷ್ಟಿ ಬಿಗಿಯುತ್ತದೆ, ಮಣಿಕಟ್ಟು ಬಾಗುತ್ತದೆ. ಬಲಗೈಯವರ ಹೊಡೆತ ಕೆಳಗೆ ಎಡಕ್ಕೆ ಹೋಗಿ ಬೀಳುತ್ತದೆ. ಹೊಡೆತ ಬಿದ್ದ ಜಾಗ ತೋರಿಸುವ ಮಾನಿಟರ್‌ನಲ್ಲಿ ಆ ಮೂಲೆಯಲ್ಲಿ ಹೊಡೆತಗಳು ಗುಂಪುಗೂಡಿದ್ದರೆ ದೂರಬೇಕಾದದ್ದು ನಡುಕವನ್ನಲ್ಲ, ನಡುಕವನ್ನು ವಂಚಿಸಲು ಹೊರಟ ಬೆರಳನ್ನು. ಸೈಟ್ ತನ್ನ ಸಣ್ಣ ವಲಯದೊಳಗೆ ಓಡಾಡುತ್ತಿರಲಿ, ಬೆರಳು ತನ್ನ ಪಾಡಿಗೆ ಒತ್ತುತ್ತಿರಲಿ, ಹೊಡೆತ ಯಾವ ಕ್ಷಣದಲ್ಲಿ ಬಿಡುತ್ತದೆಂಬುದು ನಮಗೇ ಪೂರ್ತಿ ಖಚಿತವಿಲ್ಲದಿರಲಿ. ಬಿಟ್ಟ ಮೇಲೂ ಒಂದೆರಡು ಸೆಕೆಂಡು ಕೈಯನ್ನು ಇಳಿಸದೆ ಸೈಟ್ ನೋಡುತ್ತಲೇ ಇರಬೇಕು. ಆ ಒಂದೆರಡು ಸೆಕೆಂಡನ್ನು ಉಳಿಸಿಕೊಂಡು ಮಾನಿಟರ್ ಕಡೆ ತಲೆ ತಿರುಗಿಸುವ ಆತುರ ಎಲ್ಲರಿಗೂ ಇರುತ್ತದೆ.

ಇದನ್ನೆಲ್ಲ ಕಲಿಯಲು ಪೆಲೆಟ್ ಬೇಕಾಗಿಲ್ಲ ಎಂದರೆ ಹೊಸಬರು ನಿರಾಶರಾಗುತ್ತಾರೆ. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಗಾಳಿಯೂ ಪೆಲೆಟ್ಟೂ ಇಲ್ಲದೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆ ಇರುತ್ತದೆ; ಹಾಗೆ ಅಭ್ಯಾಸ ಮಾಡುವುದಕ್ಕೆ ಡ್ರೈ ಫೈರಿಂಗ್ ಎನ್ನುತ್ತಾರೆ. ಬಿಳಿ ಗೋಡೆಯೆದುರು ನಿಂತು ಪಿಸ್ತೂಲು ಎತ್ತಿ, ಟ್ರಿಗರ್ ಒತ್ತಿ, ಅದು ಬಿಟ್ಟ ಕ್ಷಣದಲ್ಲಿ ಫ್ರಂಟ್ ಸೈಟ್ ಯಾವ ಕಡೆಗೆ ಜಿಗಿಯಿತು ಎಂದು ನೋಡಬೇಕು. ಜಿಗಿಯದಿದ್ದರೆ ಸರಿ, ಜಿಗಿದರೆ ಬೆರಳು ಎಲ್ಲಿ ಕೂತಿದೆ, ಹೆಬ್ಬೆರಳು ಒತ್ತುತ್ತಿದೆಯೇ ಎಂದು ಪರೀಕ್ಷಿಸಬೇಕು. ಸ್ಕೋರ್ ಇಲ್ಲದ್ದರಿಂದ ಮನಸ್ಸು ಬೇರೆಡೆ ಓಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅಭ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆಯೇ ಸಾಗಲಿ ಎಂದು ಹೇಳುತ್ತೇನೆ. ಪೆಲೆಟ್ ಡಬ್ಬಿ ಬೇಗ ಖಾಲಿ ಮಾಡುವುದನ್ನೇ ಪರಿಶ್ರಮವೆಂದು ತಿಳಿದವರಿಗೆ ಈ ಮಾತು ರುಚಿಸುವುದಿಲ್ಲ. ಗೋಡೆಯೆದುರಿನ ಅಭ್ಯಾಸದಲ್ಲೂ ಪಿಸ್ತೂಲು ಖಾಲಿಯಿದೆಯೆಂದು ಪ್ರತಿ ಸಲ ಕಣ್ಣಾರೆ ನೋಡಿಕೊಳ್ಳಬೇಕು. ಬೆರಳು ಟ್ರಿಗರ್ ಮುಟ್ಟುವುದು ಸೈಟ್ ಗುರಿಯ ಕಡೆಗೆ ಬಂದ ಮೇಲೆಯೇ. ರೇಂಜಿನಲ್ಲಿ ನಳಿಗೆ ಸದಾ ಗುರಿಫಲಕದ ದಿಕ್ಕಿಗೇ ಇರಬೇಕು, ಹೊಡೆಯದಿರುವಾಗ ನಳಿಗೆಯೊಳಗೆ, ಅದು ಖಾಲಿಯೆಂದು ತೋರಿಸುವ ಸುರಕ್ಷತಾ ದಾರ ಹೊರಗೆ ಕಾಣುವಂತೆ ಇರಬೇಕು. ಈ ನಾಲ್ಕರಲ್ಲಿ ಚರ್ಚೆಗೆ ಅವಕಾಶವಿಲ್ಲ.

ನಡುಕವನ್ನು ಕಡಿಮೆ ಮಾಡಲು ಸಾಧ್ಯವೇ ಇಲ್ಲವೇ? ಸ್ವಲ್ಪ ಮಟ್ಟಿಗೆ ಸಾಧ್ಯ, ಮತ್ತು ಅದಕ್ಕೆ ಬಲಕ್ಕಿಂತ ನಿಲುವು ಮುಖ್ಯ. ಪಾದಗಳು ಭುಜದಷ್ಟು ಅಗಲದಲ್ಲಿದ್ದು, ದೇಹ ಗುರಿಗೆ ಬಹುಮಟ್ಟಿಗೆ ಪಕ್ಕವಾಗಿ ನಿಲ್ಲಬೇಕು. ಕಣ್ಣು ಮುಚ್ಚಿ ತೋಳನ್ನು ಎತ್ತಿ, ಆರಾಮವಾಗಿ ನೆಲೆಗೊಳ್ಳಲು ಬಿಟ್ಟು, ಕಣ್ಣು ತೆರೆದಾಗ ಪಿಸ್ತೂಲು ಗುರಿಯ ಎಡಕ್ಕೋ ಬಲಕ್ಕೋ ನೋಡುತ್ತಿದ್ದರೆ ಮಣಿಕಟ್ಟನ್ನು ತಿರುಗಿಸಿ ಸರಿಮಾಡಬಾರದು. ಹಿಂದಿನ ಪಾದವನ್ನು ಸರಿಸಿ ಇಡೀ ದೇಹವನ್ನೇ ತಿರುಗಿಸಬೇಕು. ಇಲ್ಲದಿದ್ದರೆ ಸ್ಪರ್ಧೆಯ ಅರವತ್ತು ಹೊಡೆತಗಳುದ್ದಕ್ಕೂ ಸ್ನಾಯುಗಳು ಗುರಿಯ ಕಡೆಗೆ ಎಳೆಯುತ್ತಲೇ ಇರಬೇಕಾಗುತ್ತದೆ. ಬಿಡುವಾಗಿರುವ ಕೈಯನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಇಡುವುದು ಆ ಕಡೆಯ ಭುಜ ತೂಗಾಡದಿರಲೆಂದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡ ವಿಭಾಗದ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಜೇಬಿನಲ್ಲಿ ಕೈಯಿಟ್ಟು ನಿಂತ ಚಿತ್ರವನ್ನು ಜನ ಅಲಕ್ಷ್ಯದ ಭಂಗಿಯೆಂದು ಮೆಚ್ಚಿದರು; ರೇಂಜಿನಲ್ಲಿ ಅದು ಎಲ್ಲರೂ ಮಾಡುವ ಕೆಲಸ.

ನಡುಕ ಹೆಚ್ಚುವುದಕ್ಕೆ ಇನ್ನೊಂದು ಕಾರಣವೆಂದರೆ ಅತಿಯಾಗಿ ಕಾಯುವುದು. ತೋಳು ಎತ್ತಿ ನೆಲೆಗೊಂಡ ಮೇಲಿನ ಕೆಲವೇ ಸೆಕೆಂಡುಗಳಲ್ಲಿ ಕೈ ಅತ್ಯಂತ ಸ್ಥಿರವಾಗಿರುತ್ತದೆ. ಆಮೇಲೆ ಸ್ನಾಯು ದಣಿಯುತ್ತದೆ, ಹಿಡಿದ ಉಸಿರು ಭಾರವಾಗುತ್ತದೆ, ಒಂದೇ ಕಡೆ ನೆಟ್ಟ ಕಣ್ಣು ಹಿಂದಿನ ಚಿತ್ರವನ್ನೇ ನಿಜವೆಂದು ತೋರಿಸುತ್ತದೆ. ಎಂಟ್ಹತ್ತು ಸೆಕೆಂಡಿನೊಳಗೆ ಹೊಡೆತ ಬಿಡದಿದ್ದರೆ ಪಿಸ್ತೂಲನ್ನು ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಬೇಕು. ಅರವತ್ತು ಹೊಡೆತಗಳಿಗೆ ಎಪ್ಪತ್ತೈದು ನಿಮಿಷ ಕೊಡುತ್ತಾರೆ. ಒಂದಕ್ಕೆ 75 ಸೆಕೆಂಡು ಆಯಿತು, ಎರಡು ಸಲ ಇಳಿಸಿದರೂ ಸಮಯ ಉಳಿಯುತ್ತದೆ. ಇಳಿಸುವುದನ್ನು ಸೋಲೆಂದು ಭಾವಿಸುವವರೇ ಹೆಚ್ಚು. ಹಾಗಾಗಿ ಅಭ್ಯಾಸದಲ್ಲಿ ಬೇಕೆಂದೇ ಪ್ರತಿ ಐದನೆಯ ಸಲ ಎತ್ತಿ, ಹೊಡೆಯದೆ ಇಳಿಸುವುದನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಡಂಬೆಲ್ ಎತ್ತಿದರೆ ಕೈ ನಿಲ್ಲುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಭುಜ, ಬೆನ್ನು, ಕಾಲುಗಳು ಗಟ್ಟಿಯಾಗಿದ್ದರೆ ಕೊನೆಯ ಇಪ್ಪತ್ತು ಹೊಡೆತಗಳಲ್ಲಿ ಲಾಭವಿದೆ, ನಿಜ. ಆದರೆ ಪಿಸ್ತೂಲನ್ನೇ ಎತ್ತಿ, ಹೊಡೆಯದೆ ಸ್ವಲ್ಪ ಹೊತ್ತು ಹಿಡಿದು ಇಳಿಸುವ ವ್ಯಾಯಾಮಕ್ಕಿಂತ ನೇರವಾದುದು ಬೇರೆ ಇಲ್ಲ. ದುಬಾರಿ ಪಿಸ್ತೂಲು ಕೊಂಡರೆ ನಡುಕ ಕಡಿಮೆಯಾಗುವುದೇ ಎಂಬ ಪ್ರಶ್ನೆಗೆ ಇಲ್ಲ ಎಂದಷ್ಟೇ ಹೇಳಬಲ್ಲೆ. ಅಂಗೈಗೆ ಸರಿಯಾಗಿ ಕೂರುವ ಗ್ರಿಪ್ ಮಾತ್ರ ಖರ್ಚು ಮಾಡಲು ಯೋಗ್ಯ. ವಯಸ್ಸಾಯಿತೇನೋ ಎಂದು ಹಿಂಜರಿಯುವವರಿಗೆ ಜಾರ್ಜಿಯಾದ ನಿನೋ ಸಲುಕ್ವಾಡ್ಜೆ ಅವರ ಹೆಸರು ಹೇಳುತ್ತೇನೆ. 1988ರಲ್ಲಿ ಸೋವಿಯತ್ ಒಕ್ಕೂಟದ ಪರವಾಗಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ಅವರು 2024ರಲ್ಲಿ ತಮ್ಮ ಹತ್ತನೆಯ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 2016ರ ರಿಯೊದಲ್ಲಿ ಅವರ ಮಗನೂ ಅದೇ ಕ್ರೀಡೆಯ ಸ್ಪರ್ಧಿಯಾಗಿದ್ದ.

ಆರಂಭಿಕರು ಒಂದು ನೋಟ್‌ಬುಕ್ ಇಟ್ಟುಕೊಳ್ಳಲೇಬೇಕು, ಆದರೆ ಅದರಲ್ಲಿ ಸ್ಕೋರ್ ಬರೆದು ಮುಗಿಸಬಾರದು. ಹೊಡೆತ ಬಿಟ್ಟ ಕೂಡಲೇ, ಮಾನಿಟರ್ ನೋಡುವ ಮೊದಲು, ಪೆಲೆಟ್ ಎಲ್ಲಿ ಬಿದ್ದಿರಬೇಕೆಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು: ‘ಒಂಬತ್ತು, ಬಲಕ್ಕೆ’. ಆಮೇಲೆ ನೋಡಿದಾಗ ಅದು ಅಲ್ಲಿಯೇ ಇದ್ದರೆ, ಅಂಕ ಕಡಿಮೆಯಾದರೂ ಕಣ್ಣು ಸರಿಯಾದ ಜಾಗದಲ್ಲಿತ್ತು ಎಂದು ಅರ್ಥ. ಬಲಕ್ಕೆ ಎಂದುಕೊಂಡದ್ದು ಕೆಳಗೆ ಬಿದ್ದಿದ್ದರೆ ಕಣ್ಣು ಸೈಟ್ ಬಿಟ್ಟು ಗುರಿಯ ಕಡೆ ಹೋಗಿತ್ತು, ಇಲ್ಲವೇ ಕೊನೆಯ ಗಳಿಗೆಯಲ್ಲಿ ಮುಷ್ಟಿ ಬಿಗಿದಿತ್ತು. ಹತ್ತು ಬಿದ್ದರೂ ಊಹೆ ತಪ್ಪಿದ್ದರೆ ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಹೊಡೆತವಲ್ಲ. ಹೊಡೆತಗಳು ಒಂದೇ ಕಡೆ ಗುಂಪಾಗಿ ಬೀಳತೊಡಗಿದ ಮೇಲೆ ಆ ಗುಂಪನ್ನು ನಡುವಿಗೆ ತರುವುದು ಸೈಟ್‌ನ ತಿರುಪಿನ ಕೆಲಸ, ಅದಕ್ಕೆ ಅರ್ಧ ನಿಮಿಷ ಸಾಕು.

ಮೊದಲ ಸ್ಪರ್ಧೆಯಲ್ಲಿ ಕೈ ಅಭ್ಯಾಸದ ದಿನಕ್ಕಿಂತ ಹೆಚ್ಚು ಅಲುಗುತ್ತದೆ. ಎದೆ ಬಡಿತ ಕಿವಿಗೇ ಕೇಳಿಸುತ್ತದೆ. ಎಣಿಕೆ ಆರಂಭವಾಗುವ ಮೊದಲು ಸಿದ್ಧತೆಗೆ ಹಾಗೂ ಲೆಕ್ಕಕ್ಕಿಲ್ಲದ ಹೊಡೆತಗಳಿಗೆ 15 ನಿಮಿಷ ಇರುತ್ತದೆ. ಅದರ ಮೊದಲ ಭಾಗವನ್ನು ಪಾದಗಳ ಜಾಗ ನೋಡಿಕೊಳ್ಳುವುದಕ್ಕೂ ಡ್ರೈ ಫೈರಿಂಗ್‌ಗೂ ಮೀಸಲಿಡಿ, ಪೆಲೆಟ್ ಆಮೇಲೆ ತುಂಬಿದರಾಯಿತು. ಎರಡು ಹೊಡೆತ ಪಕ್ಕಕ್ಕೆ ಬಿದ್ದವೆಂದು ಕೂಡಲೇ ಸೈಟ್ ತಿರುಗಿಸಲು ಕೈ ಹೋಗುತ್ತದೆ. ಕನಿಷ್ಠ ಐದಾದರೂ ಬೀಳಲಿ, ಅವು ಒಂದೇ ಕಡೆ ಕೂಡಿದ್ದರೆ ಮಾತ್ರ ತಿರುಪನ್ನು ಮುಟ್ಟಿ.