ಬಣ್ಣ ನೋಡದೆ ಹದ ಹೇಗೆ?

“ಅದು ಒಲೆಯ ಬಿಸಿ ಮಾಷ್ಟ್ರೇ. ಕಬ್ಬಿಣದ ಬಿಸಿ ಎಷ್ಟು?”

ಭಾನುವಾರ ನಮ್ಮೂರಿನ ಕಮ್ಮಾರ ಆಚಾರ್ರು ಕೇಳಿದ ಈ ಪ್ರಶ್ನೆ ವಾರವಿಡೀ ತಲೆಯಿಂದ ಇಳಿಯಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗಲೂ ಅದೇ, ಮಣಿಪಾಲದ ಏರು ಹತ್ತುವ ಬಸ್ಸಿನಲ್ಲಿ ಕುಳಿತಾಗಲೂ ಅದೇ. ನಮ್ಮ ಮನೆಯ ಕತ್ತಿಗಳೆಲ್ಲ ಅಪ್ಪನ ಕಾಲದಿಂದಲೂ ಅವರ ಕುಲುಮೆಯಲ್ಲೇ ಆದವು. ಮಸೆಯಲು ಕೊಟ್ಟಿದ್ದ ಮೆಟ್ಟುಕತ್ತಿಯನ್ನು ತಂದುಕೊಟ್ಟವರು, “ನಿಮ್ಮ ಕರೆಂಟಿನ ಕುಲುಮೆ ನೋಡಬಹುದಾ?” ಎಂದರು. ನಾನು ಚೂರಿ ಮಾಡುವ ಹಿತ್ತಲಿನ ಕೊಟ್ಟಿಗೆಗೆ ಕರೆದೊಯ್ದು ಸ್ಟೂಲು ಕೊಟ್ಟೆ. ಒಲೆ ಆಗಲೇ ಕಾಯುತ್ತಿತ್ತು.

ಅಂದು ಹದಕ್ಕೆ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಲು, ಇಟ್ಟಿದ್ದ ಅಲಗು ಮಲ್ಪೆ ಬಂದರಿನಲ್ಲಿ ಮೀನು ಕೊಯ್ದು ಕೊಡುವ ಒಬ್ಬ ಅಕ್ಕನಿಗಾಗಿ ಮಾಡಿದ್ದು. ಉಪ್ಪುನೀರು, ಮೀನಿನ ರಕ್ತ, ಮೇಲೆ ಮಳೆಗಾಲದ ತೇವ: ಮಾಮೂಲಿ ಉಕ್ಕಿನ ಚೂರಿ ರಾತ್ರಿ ಒರೆಸದೆ ಇಟ್ಟರೆ ಬೆಳಿಗ್ಗೆಗೆ ಕೆಂಪಾಗಿರುತ್ತದೆ. “ತುಕ್ಕು ಹಿಡಿಯಬಾರದು. ಹಾಗೆಂದು ಅಂಗಡಿಯ ಸ್ಟೀಲ್ ಚೂರಿಯಂತೆ ಅಂಜಲ್ ಮೀನಿನ ಮುಳ್ಳು ತಾಗಿದ ಕೂಡಲೇ ಮೊಂಡಾಗಲೂಬಾರದು” ಎಂಬುದು ಅವರ ಬೇಡಿಕೆ. ನ್ಯಾಯವಾದ ಬೇಡಿಕೆ. ಅಗ್ಗದ ಸ್ಟೀಲ್ ಚೂರಿಗಳನ್ನು ನೋಡಿ ನೋಡಿ ಸ್ಟೇನ್‌ಲೆಸ್ ಎಂದರೆ ಹರಿತ ನಿಲ್ಲದ ಲೋಹ ಎಂದು ನಮ್ಮ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಊಟದ ತಟ್ಟೆ, ಲೋಟಗಳ ಉಕ್ಕಿನ ವಿಷಯದಲ್ಲಿ ಅದು ಸರಿ. ಅದರಲ್ಲಿ ನಿಕಲ್ ಅಥವಾ ಮ್ಯಾಂಗನೀಸ್ ಹೆಚ್ಚು, ಕಾರ್ಬನ್ ತೀರಾ ಕಡಿಮೆ, ಎಷ್ಟು ಕಾಯಿಸಿ ತಣಿಸಿದರೂ ಗಟ್ಟಿಯಾಗುವುದಿಲ್ಲ. ಚೂರಿಯ ಸ್ಟೇನ್‌ಲೆಸ್ ಬೇರೆಯೇ ಜಾತಿ. ನಾನು ಬಳಸುವ ಸ್ವೀಡನ್ನಿನ 14ಸಿ28ಎನ್ ಉಕ್ಕಿನಲ್ಲಿ ಶೇಕಡಾ 0.62 ಕಾರ್ಬನ್, 14 ಕ್ರೋಮಿಯಂ, ಒಂದಿಷ್ಟು ನೈಟ್ರೋಜನ್ ಇದೆ. ಹದ ಸರಿಯಾಗಿ ಬಿದ್ದರೆ ರಾಕ್‌ವೆಲ್ ಮಾಪನದಲ್ಲಿ 60ರ ಆಸುಪಾಸಿನ ಗಡಸುತನ ಕೊಡುತ್ತದೆ.

ಆಚಾರ್ರು ಅಲಗನ್ನು ಹುಡುಕಿದರು. ಅದು ತೆಳುವಾದ ಸ್ಟೇನ್‌ಲೆಸ್ ಹಾಳೆಯ ಪೊಟ್ಟಣದೊಳಗೆ ಇತ್ತು. ಸಾವಿರ ಡಿಗ್ರಿ ದಾಟಿದ ಮೇಲೆ ಗಾಳಿ ತಾಗಿದರೆ ಮೇಲ್ಮೈಯ ಕಾರ್ಬನ್ ಸುಟ್ಟುಹೋಗುತ್ತದೆ, ಕಪ್ಪು ಹೊಪ್ಪಳೆ ಏಳುತ್ತದೆ. ಅದಕ್ಕೇ ಅಂಚುಗಳನ್ನು ಎರಡೆರಡು ಸಲ ಮಡಚಿ ಮುಚ್ಚುತ್ತೇವೆ. “ಬಣ್ಣ ನೋಡದೆ ಹದ ಹೇಗೆ ಗೊತ್ತಾಗುತ್ತದೆ?” ಎಂದರು, ಕಾದ ಕಬ್ಬಿಣದ ಬಣ್ಣದಲ್ಲೇ ಬಿಸಿ ಅಳೆಯುವ ಅವರು. ನಾನು ಒಲೆಯ ಮುಂದಿನ ಪರದೆ ತೋರಿಸಿದೆ: 1070 ಡಿಗ್ರಿ. ಆಗ ಬಂದದ್ದು ಆ ಪ್ರಶ್ನೆ.

ಅದಕ್ಕೆ ಉತ್ತರ ಇಲ್ಲವೆಂದಲ್ಲ. ಬಿಸಿ ಅಳೆಯುವ ತಂತಿಯಾದ ಥರ್ಮೋಕಪಲ್ಲಿನ ತುದಿ ಇರುವುದು ಒಲೆಯ ಗಾಳಿಯಲ್ಲಿ, ಅದು ಹೇಳುವುದು ತನ್ನ ಬಿಸಿಯನ್ನು ಮಾತ್ರ. ಅಲಗು ಅದರ ಹಿಂದೆ ಬರುತ್ತದೆ, ಪೊಟ್ಟಣದೊಳಗಿದ್ದರೆ ಇನ್ನಷ್ಟು ತಡವಾಗಿ. ಅದಕ್ಕಾಗಿಯೇ 1070 ಮುಟ್ಟಿದ ಮೇಲೂ ಹತ್ತು ಹನ್ನೆರಡು ನಿಮಿಷ ಹಿಡಿದಿಡುತ್ತೇವೆ. ಆ ಹೊತ್ತಿನಲ್ಲಿ ಕ್ರೋಮಿಯಂ ಕಾರ್ಬೈಡುಗಳು, ಅಂದರೆ ಕ್ರೋಮಿಯಂ ಮತ್ತು ಕಾರ್ಬನ್ ಕೂಡಿದ ಕಣಗಳು, ಕರಗಿ ಉಕ್ಕಿನೊಳಗೆ ಹರಡಬೇಕು. ಬಿಸಿ ಕಡಿಮೆಯಾದರೆ ಕಾರ್ಬನ್ ಬಿಡುಗಡೆಯಾಗದೆ ಅಲಗು ಮೆತ್ತಗಾಗುತ್ತದೆ, ಕ್ರೋಮಿಯಂ ಬಿಡುಗಡೆಯಾಗದೆ ತುಕ್ಕಿನ ತಡೆಯೂ ಕುಗ್ಗುತ್ತದೆ. ಹೆಚ್ಚಾದರೆ ಹರಳುಗಳು ದಪ್ಪಗಾಗುತ್ತವೆ. ಇದನ್ನೆಲ್ಲ ಹೇಳಿದೆ, ಅವರು ತಲೆಯಾಡಿಸಿದರು. ಆದರೆ ನನ್ನನ್ನು ಅಲುಗಾಡಿಸಿದ್ದು ಉತ್ತರವಲ್ಲ, ಆ ಪ್ರಶ್ನೆ ಬಂದ ವೇಗ. ಪರದೆಯನ್ನು ಜೀವನದಲ್ಲಿ ಮೊದಲ ಸಲ ನೋಡಿದ ಮನುಷ್ಯ, ಅಂಕಿ ಯಾವುದರದ್ದು ಎಂದು ಅರೆಕ್ಷಣದಲ್ಲಿ ಕೇಳಿದರು.

ಈ ಒಲೆಯನ್ನು ಬಹಳ ಜನ ನೋಡಿಹೋಗಿದ್ದಾರೆ. ಅವರಲ್ಲಿ ಎಂಜಿನಿಯರಿಂಗ್ ಓದಿದ ನೆಂಟರೂ ಇದ್ದಾರೆ. ಒಬ್ಬರು ಒಲೆಯ ಬೆಲೆ ಕೇಳಿದರು, ಇನ್ನೊಬ್ಬರು ಒಂದು ಚೂರಿಗೆ ಎಷ್ಟು ಸಿಗುತ್ತದೆ ಎಂದರು. ಪರದೆಯ ಅಂಕಿಯನ್ನು ಎಲ್ಲರೂ ನಂಬಿದರು. ಓದು ಅವರಿಗೆ ಅಂಕಿಯನ್ನು ನಂಬುವುದನ್ನು ಕಲಿಸಿದೆ, ಅನುಮಾನಿಸುವುದನ್ನು ಕಲಿಸಿಲ್ಲ. ಕಲಿಸುವ ಕೆಲಸದಲ್ಲಿರುವ ನನಗೆ ಇದು ನೋವಿನ ವಿಷಯ.

ಹೊತ್ತಾದ ಮೇಲೆ ಪೊಟ್ಟಣವನ್ನು ಇಕ್ಕಳದಲ್ಲಿ ಎಳೆದು, ಎರಡು ದಪ್ಪ ಅಲ್ಯೂಮಿನಿಯಂ ಹಲಗೆಗಳ ನಡುವೆ ಇಟ್ಟು ಬಿಗಿದೆ. “ನೀರೂ ಇಲ್ಲ, ಎಣ್ಣೆಯೂ ಇಲ್ಲವಾ?” ಆಚಾರ್ರು ಎದ್ದು ನಿಂತೇಬಿಟ್ಟರು. ಅವರ ಕತ್ತಿಗಳು ಲಾರಿಯ ಕಮಾನು ಪಟ್ಟಿಯವು. ಕೆಂಪಗೆ ಕಾದ ಪಟ್ಟಿಯನ್ನು ತಡಮಾಡದೆ ಮುಳುಗಿಸದಿದ್ದರೆ ಕೆಲಸ ಕೆಟ್ಟಿತು. ಸ್ಟೇನ್‌ಲೆಸ್‌ನಲ್ಲಿ ನಿಧಾನವಾಗಿ ತಣಿದಾಗ ಉಕ್ಕನ್ನು ಮೆತ್ತಗೆ ಮಾಡುವ ಬದಲಾವಣೆಯನ್ನು ಕ್ರೋಮಿಯಂ ತಡವಾಗಿಸುತ್ತದೆ. 600 ಡಿಗ್ರಿಗಿಂತ ಕೆಳಗೆ ಇಳಿಸಲು ಒಂದೆರಡು ನಿಮಿಷದ ಅವಕಾಶವಿರುತ್ತದೆ. ಹಲಗೆಗಳು ಶಾಖವನ್ನು ಎರಡೂ ಕಡೆಯಿಂದ ಹೀರುತ್ತವೆ, ತೆಳು ಅಲಗು ಸೊಟ್ಟಗಾಗದಂತೆಯೂ ಹಿಡಿಯುತ್ತವೆ. “ಹಾಗಾದರೆ ಈ ಕಬ್ಬಿಣಕ್ಕೆ ಅವಸರ ಇಲ್ಲ” ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಪೊಟ್ಟಣ ಬಿಚ್ಚಿದ ಮೇಲೆ ಅವರು ಕೇಳದೆಯೇ ನನ್ನ ಅರವನ್ನು ಎತ್ತಿಕೊಂಡು ಅಲಗಿನ ಹಿಂಬದಿಗೆ ಎಳೆದರು. ಅರ ಕಚ್ಚಲಿಲ್ಲ, ಜಾರಿತು. ಕಣ್ಣು ಮುಚ್ಚಿ ಆ ಸದ್ದನ್ನು ಮತ್ತೊಮ್ಮೆ ಕೇಳಿದರು. “ಗಟ್ಟಿಯಾಗಿದೆ. ಈಗ ಕೆಳಗೆ ಹಾಕಬೇಡಿ, ಒಡೆದೀತು.” ಹದ ಇಳಿಸುವ, ಅಂದರೆ ಮತ್ತೆ ಹಗುರಾಗಿ ಕಾಯಿಸಿ ಪೆಡಸು ತಗ್ಗಿಸುವ ಮೊದಲು ಉಕ್ಕು ಎಷ್ಟು ಪೆಡಸು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ಹಂತ ತಣ್ಣನೆಯದು. ಕೋಣೆಯ ಬಿಸಿಗೆ ಬಂದರೂ ಈ ಉಕ್ಕಿನ ಒಂದು ಪಾಲು ಬದಲಾಗದೆ ಮೆತ್ತಗೆ ಉಳಿದಿರುತ್ತದೆ. ಮಲ್ಪೆಯ ಐಸ್ ಪ್ಲಾಂಟಿನ ಮಂಜುಗಡ್ಡೆ ಇದಕ್ಕೆ ಸಾಲದು. ಮೈನಸ್ 78 ಡಿಗ್ರಿಯ ಡ್ರೈ ಐಸ್ ಬೇಕು. ಆಮೇಲೆ 175 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಹದ ಇಳಿಸಬೇಕು. ಆಚಾರ್ರು ಇಲ್ಲೂ ಬಣ್ಣ ಕೇಳಿದರು. ಅವರು ಹದ ಇಳಿಸುವುದು ಉಜ್ಜಿದ ಉಕ್ಕಿನ ಮೇಲೆ ಓಡುವ ಹುಲ್ಲುಹಳದಿ ನೋಡಿಕೊಂಡು. ಮಾಮೂಲಿ ಉಕ್ಕಿನಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಕಾಣುವ ಆ ಬಣ್ಣ ಸ್ಟೇನ್‌ಲೆಸ್‌ನಲ್ಲಿ ಬಹಳ ಮೇಲಿನ ಬಿಸಿಗೆ ಬರುತ್ತದೆ ಎಂದಾಗ ಅವರ ಮುಖ ಗಂಭೀರವಾಯಿತು. ಒಂದು ಜೀವಮಾನ ನಂಬಿದ ಗುರುತು ಇಲ್ಲಿ ದಾರಿ ತಪ್ಪಿಸುತ್ತದೆ ಎಂದು ಅವರಿಗೆ ಅರ್ಥವಾಗಿತ್ತು.

ಇಂಗ್ಲೆಂಡಿನ ಶೆಫೀಲ್ಡಿನಲ್ಲೂ ಹೀಗೇ ಆಗಿತ್ತು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡ. ಅಲ್ಲಿನ ಚೂರಿ ಕೆಲಸದವರ ಕೈಗೆ ಕೊಟ್ಟಾಗ, ‘ಕೊಯ್ಯದ ಚೂರಿ ಮಾಡಿದವನು’ ಎಂಬ ಹೆಸರು ಅವನಿಗೆ ಬಂತು. ಹೊಸ ಉಕ್ಕಿಗೆ ಹಳೆಯ ಹದ ಹೊಂದುವುದಿಲ್ಲ. ಅದಕ್ಕೆ ತಕ್ಕ ಬಿಸಿಯನ್ನು ಅದೇ ಊರಿನ ಕೆಲಸಗಾರರು ಕೊನೆಗೆ ಸಾಧಿಸಿಕೊಂಡರು. ಅವರ ಅನುಭವ ವ್ಯರ್ಥವಾಗಲಿಲ್ಲ, ಅದಕ್ಕೆ ಹೊಸ ಅಳತೆ ಸಿಕ್ಕಿತು, ಅಷ್ಟೇ.

ನಮ್ಮಲ್ಲಿ ಆಚಾರ್ರಂಥವರಿಗೆ ಶಾಲು ಹೊದಿಸುತ್ತಾರೆ, ಕುಲುಮೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಸಂಪ್ರದಾಯ ಎನ್ನುತ್ತಾರೆ. ಗೆರಟೆಯ ಇದ್ದಿಲೇ ಏಕೆ, ಕುಲುಮೆಯ ಕೋಣೆ ಕತ್ತಲಾಗಿರುವುದೇಕೆ ಎಂದು ಯಾರೂ ಕೇಳುವುದಿಲ್ಲ. ಕತ್ತಲಿರುವುದು ಬಣ್ಣ ಅಳೆಯಲು. ಅದು ಮಾಪನ, ಅಭ್ಯಾಸಬಲವಲ್ಲ. ಆಚಾರ್ರ ಮಗ ದುಬೈಯಲ್ಲಿದ್ದಾನೆ, ಕುಲುಮೆಗೆ ಮತ್ತೊಬ್ಬರು ಬರುವ ಲಕ್ಷಣವಿಲ್ಲ. ಅವರ ಕಣ್ಣಿನಲ್ಲಿರುವ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ.

ಅವರು ಹೊರಡುವಾಗ ಕೇಳಿದೆ, “ಆಚಾರ್ರೇ, ನಿಮ್ಮ ಒಲೆಗೆ ಥರ್ಮೋಕಪಲ್ ಇಡಬಹುದಾ? ನೀವು ‘ಸಾಕು’ ಎಂದಾಗ ಎಷ್ಟಿದೆ ಎಂದು ಬರೆದುಕೊಳ್ಳುತ್ತೇನೆ.” ಒಪ್ಪಿದರು, ಒಂದು ಷರತ್ತಿನ ಮೇಲೆ: ತುದಿ ಇದ್ದಿಲಿನಲ್ಲಿ ಇರಬಾರದು, ಕಬ್ಬಿಣಕ್ಕೆ ತಾಗಿಯೇ ಇರಬೇಕು. ಕಮಾನು ಪಟ್ಟಿಯ ತುಂಡೊಂದಕ್ಕೆ ತೂತು ಕೊರೆದು ತುದಿ ಒಳಗೆ ಕೂರುವಂತೆ ಮಾಡಿಟ್ಟಿದ್ದೇನೆ. ಬರುವ ಭಾನುವಾರ ಬೆಳಕು ಹರಿಯುವ ಮೊದಲೇ ಬರಬೇಕು ಎಂದಿದ್ದಾರೆ.