ಹಳೆಯ ಸರ್ವರ್‌ನಿಂದ ಹೊಸದಕ್ಕೆ: ಮೂರನೆಯ ವಾರ

ಸರಸ್ವತಿಪುರಂನ ನಮ್ಮ ಹವ್ಯಾಸಿ ರಂಗತಂಡದ 38 ಇಮೇಲ್ ಖಾತೆಗಳಲ್ಲಿ 11 ಹೊಸ ಸರ್ವರ್ ಸೇರಿವೆ. ಎಲ್ಲವನ್ನೂ ಒಂದೇ ರಾತ್ರಿ ಸಾಗಿಸಿಬಿಡಬಹುದಿತ್ತು. ಆದರೆ ಬೆಳಿಗ್ಗೆ ಮೊಬೈಲ್ ತೆರೆದ ಹಿರಿಯ ಕಲಾವಿದರು ಪತ್ರ ಕಾಣದೆ ಗಾಬರಿಯಾಗುವುದು ನನಗೆ ಬೇಡವಾಗಿತ್ತು. ಒಬ್ಬೊಬ್ಬರ ಮನೆಗೂ ಹೋಗಿ, ಹೊಸ ವಿವರ ತುಂಬಿ, ಒಂದು ಪತ್ರ ಬಂದದ್ದನ್ನು ಅವರೇ ನೋಡಿದ ಮೇಲೆ ಹೊರಡುತ್ತೇನೆ.

ಹಾಗಾಗಿ ಸದ್ಯಕ್ಕೆ ಒಂದೇ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಎರಡು ಕಡೆ ಹಂಚಿಹೋಗಿದೆ. ಡೊಮೈನಿನ ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಇನ್ನೂ ಹಳೆಯ ಸರ್ವರ್‌ನದೇ. ಹೊರಗಿನ ಪತ್ರವೆಲ್ಲ ಮೊದಲು ಅಲ್ಲಿಗೇ ಬರುತ್ತದೆ. ಎರಡೂ ಕಡೆ ಇರುವುದು ಪತ್ರ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್. ಯಾವ ವಿಳಾಸದ ಪತ್ರ ಎಲ್ಲಿಗೆ ಎಂದು ಹೇಳುವ, ಹಳೆಯದರ ಟ್ರಾನ್ಸ್‌ಪೋರ್ಟ್ ಕೋಷ್ಟಕದಲ್ಲಿ ಆ 11 ವಿಳಾಸಗಳ ಮುಂದೆ ಹೊಸ ಸರ್ವರ್‌ನ ಹೆಸರನ್ನು ಚೌಕ ಆವರಣದೊಳಗೆ ಬರೆದೆ.

ಶನಿವಾರ ಸಂಜೆ ಎಡವಿದ್ದು ಇಲ್ಲೇ. ಒಂದು ಸಾಲಿನಲ್ಲಿ ಸರ್ವರ್ ಹೆಸರಿನ ಬದಲು ಡೊಮೈನ್ ಹೆಸರು ಬರೆದು ಆವರಣವನ್ನೂ ಬಿಟ್ಟಿದ್ದೆ. ಆವರಣವಿಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ಹುಡುಕುತ್ತದೆ. ಸಿಕ್ಕಿದ್ದು ತನ್ನದೇ ವಿಳಾಸ. ಪತ್ರ ಸುತ್ತಿ ತನ್ನ ಬಳಿಗೇ ಬರುತ್ತಿದೆ ಎಂದು ತನ್ನ ದಿನಚರಿಯಾದ ಲಾಗ್‌ನಲ್ಲಿ ದೂರಿತ್ತು. ಪುಣ್ಯಕ್ಕೆ ಮೊದಲ ದಿನವೇ, ತಲುಪದ ಪತ್ರವನ್ನು ಹಿಂದಕ್ಕೆ ಕಳಿಸದೆ ಇಟ್ಟುಕೊಳ್ಳುವ ಸಾಫ್ಟ್ ಬೌನ್ಸ್ ಚಾಲೂ ಮಾಡಿದ್ದೆ. ಪತ್ರ ಕಳುಹಿಸಿದವರಿಗೆ ಹಿಂತಿರುಗದೆ ಸರದಿಯಲ್ಲೇ ಕಾದಿತ್ತು. ಸಾಲು ತಿದ್ದಿ, ತಿದ್ದಿದ ಕೋಷ್ಟಕವನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಓಡಿಸಿ, ಸರದಿಯನ್ನು ಮತ್ತೆ ತಳ್ಳಿದ ಕೂಡಲೇ ದಾಟಿತು. ಈ ಕೆಲಸಕ್ಕೆ ಇಳಿಯುವವರೆಲ್ಲ ಮೊದಲು ಸಾಫ್ಟ್ ಬೌನ್ಸ್ ಒಂದನ್ನು ಚಾಲೂ ಮಾಡಿಕೊಳ್ಳಿ.

ಹೊಸ ಸರ್ವರ್‌ನಲ್ಲಿ ತೊಡಕೇ ಬೇರೆ. ಅಲ್ಲಿರುವವರು ಹಳೆಯದರಲ್ಲಿ ಉಳಿದವರಿಗೆ ಬರೆದರೆ, ಡೊಮೈನ್ ತನ್ನದೇ ಎಂದುಕೊಂಡಿರುವ ಅದು ಅಂಥ ವಿಳಾಸವೇ ಇಲ್ಲ ಎಂದುಬಿಡುತ್ತದೆ. ಆದ್ದರಿಂದ ಎರಡೂ ಕಡೆ 38 ವಿಳಾಸಗಳೂ ಪಟ್ಟಿಯಲ್ಲಿರಬೇಕು. ಪತ್ರ ಅಲ್ಲೇ ಉಳಿಯಬೇಕೋ ಆಚೆಗೆ ಹೋಗಬೇಕೋ ಎಂಬ ದಾರಿ ಮಾತ್ರ ಬೇರೆ. ಒಂದೇ ವಿಳಾಸವನ್ನು ಎರಡೂ ಕೋಷ್ಟಕಗಳು ಆಚೆಗೆ ತಳ್ಳಿದರೆ ಪತ್ರ ಅತ್ತಿಂದಿತ್ತ ಓಡಾಡುತ್ತ, ಪೋಸ್ಟ್‌ಫಿಕ್ಸ್ ಇಟ್ಟಿರುವ 50 ಹೆಜ್ಜೆಗಳ ಮಿತಿ ದಾಟಿದಾಗಲಷ್ಟೇ ನಿಲ್ಲುತ್ತದೆ. ಕೈಯಲ್ಲಿ ಎರಡು ಕೋಷ್ಟಕ ತಿದ್ದುವುದನ್ನು ಅಂದೇ ಬಿಟ್ಟೆ. ಈಗ ಇರುವುದು ಒಂದೇ ಪಟ್ಟಿ: ಹೆಸರು, ಎದುರಿಗೆ ‘ಹಳೆಯದು’ ಅಥವಾ ‘ಹೊಸದು’. ಪುಟ್ಟ ಸ್ಕ್ರಿಪ್ಟ್ ಅದರಿಂದಲೇ ಎರಡನ್ನೂ ಬರೆಯುತ್ತದೆ.

ಡೊಮೈನಿನ ಹೆಸರಲ್ಲಿ ಯಾವ ಸರ್ವರ್‌ಗಳು ಪತ್ರ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಗೆ ಹೊಸ ಸರ್ವರ್‌ನ ಐಪಿ ವಿಳಾಸ ಸೇರಿಸಿದ್ದಾಯಿತು. ಹಳೆಯ ಸರ್ವರ್ ದಾಟಿಸುವ ಪತ್ರಗಳಿಗೆ ಹೊಸದರಲ್ಲಿ ಎಸ್‌ಪಿಎಫ್ ಪರೀಕ್ಷೆಯಿಂದ ವಿನಾಯಿತಿಯನ್ನೂ ಕೊಟ್ಟಿದ್ದೇನೆ, ಇಲ್ಲದಿದ್ದರೆ ಹೊರಗಿನವರ ಪತ್ರಗಳೆಲ್ಲ ನಕಲಿಯಂತೆ ಕಾಣುತ್ತವೆ. ಎಂಎಕ್ಸ್ ಬದಲಿಸುವುದು ಕೊನೆಗೆ. ಅದರ ಟಿಟಿಎಲ್ ಅನ್ನು (ಹಳೆಯ ದಾಖಲೆಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) ಹಿಂದಿನ ದಿನವೇ 3600ರಿಂದ 300 ಸೆಕೆಂಡಿಗೆ ಇಳಿಸುತ್ತೇನೆ.

ನಾಳೆ ಕುವೆಂಪುನಗರದ ಆರು ಮಂದಿಯ ಸರದಿ. ಅವರಲ್ಲಿ ನಮ್ಮ ನಿರ್ದೇಶಕರ ಪೆಟ್ಟಿಗೆಯಲ್ಲಿ 14 ವರ್ಷಗಳ ಪತ್ರಗಳಿವೆ. ಅವನ್ನು ಹೊಸ ಸರ್ವರ್‌ಗೆ ನಕಲಿಸುವ ಐಮ್ಯಾಪ್‌ಸಿಂಕ್ ಈಗಲೇ ಓಡುತ್ತಿದೆ.